ಸ್ಪಷ್ಟನೆ: ಹರಿಶ್ಚಂದ್ರ ವಿಲನ್ ಅಂತ ನಾನು ಹೇಳಿಲ್ಲ

ಕೊಪ್ಪಳದಲ್ಲಿ ಕಥೆ ಬರೆಯುವ ಹುಡುಗರ ಜೊತೆ ಮೊನ್ನೆ ಮಾತಾಡಿದ್ದೆ. ಅದರ ಅರ್ಧ ನಿಮಿಷದ ತುಣುಕು ವಾಟ್ಸಾಪ್‌ನಲ್ಲಿ ಸುತ್ತುತ್ತಿದೆ, 'ಹರಿಶ್ಚಂದ್ರನನ್ನು ವಿಲನ್ ಅಂದರು' ಎಂಬ ಒಕ್ಕಣೆ ಜೊತೆ. ನಾನು ಅಂದಿದ್ದು ಹಾಗಲ್ಲ. ನಾಯಕರಲ್ಲೇ ಅವನಂಥವರು ಜಾಸ್ತಿ ಅಪಾಯ ಅಂದೆ.

ಕಥೆ ಗೊತ್ತಿರುವುದೇ. ವಿಶ್ವಾಮಿತ್ರನಿಗೆ ಕೊಡಬೇಕಾದ್ದನ್ನು ತೀರಿಸಲು ಕಾಶಿಯಲ್ಲಿ ಹೆಂಡತಿ, ಮಗನನ್ನು ಮಾರುತ್ತಾನೆ. ಹಾವು ಕಚ್ಚಿ ಸತ್ತ ಮಗನನ್ನು ಚಂದ್ರಮತಿ ಸುಡುಗಾಡಿಗೆ ತಂದರೆ ಸುಂಕ ಕೇಳುತ್ತಾನೆ. ಕೊನೆಗೆ ಅವಳ ಮೇಲೇ ಕತ್ತಿ ಎತ್ತುತ್ತಾನೆ. ಅಳುತ್ತಾನೆ, ಆದರೆ ಹಿಡಿದದ್ದು ಬಿಡುವುದಿಲ್ಲ. ದುಡ್ಡಿನಾಸೆಯ ಖಳನಿಗೆ ದುಡ್ಡು ತೋರಿಸಬಹುದು, ಹೆದರಿಸಲೂಬಹುದು. ತಾನೇ ಸರಿ ಎಂದು ನಂಬಿದವನನ್ನು ಹೇಗೆ ತಡೆಯುತ್ತೀರಿ?

ನಮ್ಮ ಕಡೆ ಬಯಲಾಟದಲ್ಲಿ ಆ ಕತ್ತಿ ಮೇಲೆದ್ದಾಗ ಮುಂದೆ ಕೂತ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ. ಅವರು ನೋಡುತ್ತಿರುವುದು ರಾಜನನ್ನಲ್ಲ, ಬಗ್ಗಿಸಿದ ಆ ಕುತ್ತಿಗೆಯನ್ನು.

'ಇಂಥ ಕಥೆ ಬರೆಯಬೇಡಿ' ಅಂದೆ ಎಂಬುದೂ ಸುಳ್ಳು. ಬರೆಯಿರಿ, ಆದರೆ ಆ ಸೀನನ್ನು ಚಂದ್ರಮತಿ ಕೂತ ಕಡೆಯಿಂದ ಒಮ್ಮೆ ಬರೆದು ನೋಡಿ ಎಂದಿದ್ದೆ. ತುಣುಕಿನಲ್ಲಿ ಅದೊಂದು ಮಾತು ಮಾತ್ರ ಇಲ್ಲ.