‘ಔಷಧಿ ಹಿಡೀಲಿಲ್ಲ’ ಅನ್ನೋ ಮೊದಲು

ಮಂಡ್ಯ, ಮದ್ದೂರು ಕಡೆಯಿಂದ ಮೈಸೂರಿಗೆ ಕೀಮೋಗೆ ಬರುವ ಲಿಂಫೋಮಾ (ದುಗ್ಧಗ್ರಂಥಿಯ ಕ್ಯಾನ್ಸರ್) ರೋಗಿಗಳ ಮನೆಯವರ ಬಾಯಲ್ಲಿ ಒಂದು ಮಾತಿದೆ: ‘ಔಷಧಿ ಹಿಡೀಲಿಲ್ಲ ಸಾರ್.’ ಎಷ್ಟೋ ಸಲ ಔಷಧಿ ಗಡ್ಡೆಯ ಜೀವಕೋಶದೊಳಕ್ಕೆ ಹೋಗಿ ತನ್ನ ಕೆಲಸ ಮಾಡಿರುತ್ತದೆ. ಆದರೂ ಕೋಶ ಸತ್ತಿರುವುದಿಲ್ಲ.

ಕೀಮೋ ಕೋಶವನ್ನು ನೇರವಾಗಿ ಸುಡುವುದಿಲ್ಲ. ಹೆಚ್ಚಾಗಿ ಡಿಎನ್‌ಎ ಕೆಡಿಸುತ್ತದೆ, ಅಷ್ಟೇ. ಆ ಹಾನಿ ಗುರುತಿಸಿ ‘ಇನ್ನು ನೀನು ಸಾಯಿ’ ಎಂದು ಹೇಳುವುದು ಪಿ53 ಎಂಬ ಪ್ರೋಟೀನ್. ಆ ಆಜ್ಞೆ ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಕ್ಕೆ ಮುಟ್ಟಿದರೆ ಅದರ ಹೊರಪೊರೆ ತೂತಾಗಿ ಸೈಟೊಕ್ರೋಮ್-ಸಿ ಎಂಬ ಪ್ರೋಟೀನ್ ಹೊರಬರುತ್ತದೆ, ಕ್ಯಾಸ್ಪೇಸ್ ಎಂಬ ಕಿಣ್ವಗಳು ಎಚ್ಚೆತ್ತು ಕೋಶವನ್ನು ಒಳಗಿನಿಂದಲೇ ಕತ್ತರಿಸುತ್ತವೆ. ಆ ತೂತು ಬೀಳದಂತೆ ತಡೆಯುವುದು ಬಿಸಿಎಲ್-2 ಎಂಬ ಪ್ರೋಟೀನ್. ಫಾಲಿಕ್ಯುಲರ್ ಎಂಬ ಬಗೆಯ ಲಿಂಫೋಮಾದ ಹೆಚ್ಚಿನವರಲ್ಲಿ 14 ಮತ್ತು 18ನೇ ಕ್ರೋಮೊಸೋಮ್‌ಗಳ ತುಂಡುಗಳು ಅದಲುಬದಲಾಗಿ ಬಿಸಿಎಲ್-2 ತಯಾರಿಕೆ ನಿಲ್ಲುವುದೇ ಇಲ್ಲ. ನಾಲೆ ತುಂಬ ನೀರಿದ್ದರೂ ತೂಬು ಮುಚ್ಚಿದ್ದರೆ ಗದ್ದೆ ಒಣಗುತ್ತದಲ್ಲ, ಹಾಗೆ. ಪಿ53 ಕೆಟ್ಟಿದ್ದರಂತೂ ನಾಲೆಗೆ ನೀರೇ ಬಿಟ್ಟಿಲ್ಲ. ಅಂಥಲ್ಲಿ ಅದೇ ಕೀಮೋದ ಪ್ರಮಾಣ ಏರಿಸಿದರೆ ನಲುಗುವುದು ಅಸ್ಥಿಮಜ್ಜೆ, ಹೃದಯ. ಬಿಸಿಎಲ್-2ನ್ನೇ ಹಿಡಿದುಹಾಕುವ ವೆನೆಟೊಕ್ಲಾಕ್ಸ್ ಮಾತ್ರೆ ಬಂದಿದೆ, ಆದರೆ ಎಂಸಿಎಲ್-1 ಎಂಬ ಇನ್ನೊಂದು ಪ್ರೋಟೀನ್ ಆ ಜಾಗಕ್ಕೆ ಬಂದು ನಿಲ್ಲುವುದುಂಟು.

ನನಗೆ ನಿಜಕ್ಕೂ ಸಂಕಟವಾಗುವುದು ಇದಕ್ಕೂ ಮೊದಲಿನ ಹಂತದಲ್ಲಿ. ಕತ್ತಿನಲ್ಲಿ ಗಡ್ಡೆ ಕಂಡರೆ ಟಿಬಿ ಇರಬೇಕೆಂದು ತಿಂಗಳುಗಟ್ಟಲೆ ಮಾತ್ರೆ, ನಡುವೆ ಯಾರೋ ಸ್ಟಿರಾಯ್ಡ್ ಬರೆದಿರುತ್ತಾರೆ. ಪ್ರೆಡ್ನಿಸೊಲೋನ್‌ನಂಥ ಸ್ಟಿರಾಯ್ಡ್ ಲಿಂಫೋಮಾ ಕೋಶಗಳನ್ನು ಇದೇ ಮೈಟೊಕಾಂಡ್ರಿಯದ ದಾರಿಯಲ್ಲಿ ಸಾಯಿಸುತ್ತದೆ. ನಾಲ್ಕೈದು ದಿನದಲ್ಲಿ ಗಡ್ಡೆ ಕುಗ್ಗುತ್ತದೆ, ಮನೆಯವರಿಗೆ ಖುಷಿ. ಆಮೇಲೆ ಬಯಾಪ್ಸಿಗೆ (ಪರೀಕ್ಷೆಗೆಂದು) ಗಡ್ಡೆಯ ತುಂಡು ತೆಗೆದರೆ ಸ್ಲೈಡ್ ತುಂಬ ಸತ್ತ ಕೋಶಗಳು, ಯಾವ ಲಿಂಫೋಮಾ ಎಂದು ಹೇಳಲಾಗದು. ಉಸಿರಿಗೇ ಕುತ್ತು ಬಂದ ತುರ್ತು ಬೇರೆ. ಉಳಿದಂತೆ ಬಯಾಪ್ಸಿ ಮುಗಿಯುವವರೆಗೆ ಸ್ಟಿರಾಯ್ಡ್ ಬೇಡ.

ಸೂಜಿ ಪರೀಕ್ಷೆಯೊಂದೇ ಸಾಲದು, ಆದಷ್ಟೂ ಇಡೀ ಗಡ್ಡೆಯನ್ನೇ ತೆಗೆಸಿ. ತೆಗೆದದ್ದನ್ನು ಸೀಳಿ, ಅದರ ಹತ್ತು ಪಟ್ಟು 10% ಫಾರ್ಮಲಿನ್‌ನಲ್ಲಿ (ಅಂಗಾಂಶ ಕೆಡದಂತೆ ಕಾಯುವ ದ್ರಾವಣ) ಮುಳುಗಿಸಬೇಕು. ಸೀಳದೆ ಹಾಕಿದರೆ ಫಾರ್ಮಲಿನ್ ನಡುವಿಗೆ ಇಳಿಯುವಷ್ಟರಲ್ಲಿ ಅಲ್ಲಿನ ಅಂಗಾಂಶ ಹಾಳಾಗಿರುತ್ತದೆ.

ವರದಿಯಲ್ಲಿ ‘ದೊಡ್ಡ ಬಿ-ಕೋಶದ ಲಿಂಫೋಮಾ’ ಎಂದಿದ್ದರೆ ಅಲ್ಲಿಗೆ ಸುಮ್ಮನಾಗಬೇಡಿ. ಎಂವೈಸಿ ಎಂಬ ಇನ್ನೊಂದು ಪ್ರೋಟೀನ್ ಇರುವ ಗಡ್ಡೆ ಕೋಶಗಳು 40%, ಬಿಸಿಎಲ್-2 ಇರುವವು 50% ದಾಟಿದೆಯೇ ನೋಡಿ, ಜೀನ್ ಮುರಿದಿದೆಯೇ ಎಂದು ತೋರಿಸುವ ಫಿಶ್ ಪರೀಕ್ಷೆ ಮಾಡಿಸಿದ್ದಾರೆಯೇ ಕೇಳಿ. ಎಂವೈಸಿ, ಬಿಸಿಎಲ್-2 ಎರಡೂ ಜೀನ್‌ಗಳು ಮುರಿದು ಬೇರೆಡೆ ಸೇರಿಕೊಂಡಿದ್ದರೆ 21 ದಿನಕ್ಕೊಮ್ಮೆ ಕೊಡುವ ಆರ್-ಚಾಪ್ ಎಂಬ ಐದು ಔಷಧಿಗಳ ಚಿಕಿತ್ಸೆ ಅನೇಕರಿಗೆ ಸಾಲುವುದಿಲ್ಲ. ಇನ್ನೂ ಬಿಗಿಯಾದ ಚಿಕಿತ್ಸೆಯ ಮಾತು ಮೊದಲ ಸುತ್ತಿನ ಹೊತ್ತಿಗೇ ಆಗಬೇಕು.

ಕಬ್ಬಿನ ಕಟಾವು, ನಾಟಿ, ಹಬ್ಬ ಅಂತ ಕೀಮೋ ಸುತ್ತು ಮುಂದೂಡುವುದು ಬೇಡ. ರಕ್ತದ ಕಣ ಇಳಿದಿದೆ ಎಂದು ಡಾಕ್ಟರೇ ಮುಂದೂಡಿದರೆ ಅದು ಬೇರೆ.

ಬೆಂಗಳೂರಿಗೆ ತೋರಿಸಲು ಹೋಗುವಾಗ ಸ್ಲೈಡ್ ಜೊತೆ, ಗಡ್ಡೆಯ ತುಂಡು ಹುದುಗಿಸಿಟ್ಟ ಮೇಣದ ಬ್ಲಾಕನ್ನೂ ಕೇಳಿ ಪಡೆಯಿರಿ, ಬೇಕಾದ ಪರೀಕ್ಷೆಗಳೆಲ್ಲ ಅದರಿಂದಲೇ ಆಗಬೇಕು. ರೋಗ ಮರಳಿದರೆ ಹಳೆಯ ಬ್ಲಾಕ್ ನಂಬಿ ಕೂರದೆ ಹೊಸ ಬಯಾಪ್ಸಿ ಮಾಡಿಸಿ. ಮೊದಲು ಸರಿಯಿದ್ದ ಪಿ53 ಈಗ ಕೆಟ್ಟಿರಬಹುದು.