ದಾವಣಗೆರೆಯಷ್ಟೇ ಜನ ಇದ್ದ ದೇಶ, ಒಂದೇ ಒಂದು ದೊಡ್ಡ ಕೊಳ

2024ರ ಆಗಸ್ಟ್. ಪ್ಯಾರಿಸ್ ಒಲಿಂಪಿಕ್ಸ್ ನಡೆಯುತ್ತಿತ್ತು. ಅಮೆರಿಕದ ಕೇಟಿ ಲೆಡೆಕಿ 800 ಮೀಟರ್ ಫ್ರೀಸ್ಟೈಲ್ ಈಜುವುದನ್ನು ನೋಡಲೇಬೇಕು ಅಂತ ಮಗಳದ್ದು ಹಟ. ನಮ್ಮಲ್ಲಿ ಆಗ ಮಧ್ಯರಾತ್ರಿ ದಾಟಿತ್ತು. ಅವರಮ್ಮ ಬೈದು ಬೈದು ಸುಸ್ತಾಗಿ ಮಲಗಿದರು. ನಾವಿಬ್ಬರೂ ಮೊಬೈಲ್ ಹಿಡಿದು ಕೂತೆವು. ಲೆಡೆಕಿ ಗೆದ್ದರು. ಆ ಒಂದೇ ಸ್ಪರ್ಧೆಯಲ್ಲಿ ಸತತ ನಾಲ್ಕನೇ ಒಲಿಂಪಿಕ್ ಚಿನ್ನ, ಮೊದಲನೆಯದು ಬಂದಾಗ ಅವರಿಗೆ ಬರೀ 15 ವರ್ಷ. ಮಗಳು ಕೇಳಿದಳು, "ಅಪ್ಪಾ, ಇವರಿಗೆ ಹೇಳಿಕೊಡೋರು ಯಾರು?"

ನನಗೆ ಗೊತ್ತಿರಲಿಲ್ಲ. ಅಲ್ಲೇ ಹುಡುಕಿದೆ. ಆಂಥನಿ ನೆಸ್ಟಿ ಅಂತ ಬಂತು. ಯಾರಪ್ಪ ಇವರು ಅಂತ ಓದಲು ಶುರು ಮಾಡಿದವನು ಬೆಳಗಿನ ಜಾವದವರೆಗೂ ಓದಿದೆ. ಅವತ್ತಿನಿಂದ ಸಿಕ್ಕವರಿಗೆಲ್ಲ ಈ ಮನುಷ್ಯನ ಕಥೆ ಹೇಳುತ್ತಾ ಬಂದಿದ್ದೇನೆ, ಇವತ್ತು ಇಲ್ಲೂ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ನೆಸ್ಟಿ ಹುಟ್ಟಿದ್ದು 1967ರಲ್ಲಿ ಟ್ರಿನಿಡಾಡ್‌ನಲ್ಲಿ, ಬೆಳೆದದ್ದು ಸುರಿನಾಮ್‌ನಲ್ಲಿ. ದಕ್ಷಿಣ ಅಮೆರಿಕದ ಉತ್ತರ ತುದಿಯ ಪುಟ್ಟ ದೇಶ ಅದು. ಡಚ್ಚರ ಕೈಯಿಂದ ಬಿಡುಗಡೆ ಆಗಿದ್ದು 1975ರಲ್ಲಿ. (ನಮ್ಮ ದೇಶದಿಂದ ಕೂಲಿಗೆ ಅಂತ ಹಡಗು ಹತ್ತಿದವರ ಮೊಮ್ಮಕ್ಕಳು, ಮರಿಮಕ್ಕಳು ಅಲ್ಲಿ ಇವತ್ತಿಗೂ ಸಾಕಷ್ಟು ಜನ ಇದ್ದಾರೆ.) 1988ರಲ್ಲಿ ಇಡೀ ಸುರಿನಾಮ್‌ನ ಜನಸಂಖ್ಯೆ ಸುಮಾರು ನಾಲ್ಕು ಲಕ್ಷ. ನಮ್ಮ ದಾವಣಗೆರೆ ನಗರ ಒಂದೇ 2011ರ ಜನಗಣತಿಯಲ್ಲಿ ನಾಲ್ಕು ಲಕ್ಷ ದಾಟಿತ್ತು. ಅಂದರೆ ನಮ್ಮೂರಿನಷ್ಟು ಜನ ಇದ್ದ ಒಂದು ದೇಶ. ಆ ದೇಶಕ್ಕೆಲ್ಲ ಸೇರಿ 50 ಮೀಟರ್ ಉದ್ದದ ಈಜುಕೊಳ ಇದ್ದದ್ದು ಒಂದೇ ಒಂದು. ಸಾಲದ್ದಕ್ಕೆ ಮಿಲಿಟರಿ ಆಡಳಿತ, ಒಳಜಗಳ, ಕಾಡಿನ ಕಡೆ ಯುದ್ಧ.

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಹೋದಾಗ ಹುಡುಗನಿಗೆ 16. 100 ಮೀಟರ್ ಬಟರ್‌ಫ್ಲೈನಲ್ಲಿ (ಎರಡೂ ಕೈ ಒಟ್ಟಿಗೆ ಮುಂದಕ್ಕೆ ಬೀಸಿ ಈಜುವ ಬಗೆ) 21ನೇ ಸ್ಥಾನ. ನಾಲ್ಕು ವರ್ಷ ಬಿಟ್ಟು ಸಿಯೋಲ್‌ನಲ್ಲಿ ಅದೇ ಸ್ಪರ್ಧೆಯ ಫೈನಲ್‌ನಲ್ಲಿ ನಿಂತಿದ್ದ. ಅವತ್ತು ಎಲ್ಲರ ಕಣ್ಣು ಇದ್ದದ್ದು ಅಮೆರಿಕದ ಮ್ಯಾಟ್ ಬಿಯೊಂಡಿ ಮೇಲೆ. ಆರೂವರೆ ಅಡಿ ಎತ್ತರದ ಆಳು. ಆ ಒಲಿಂಪಿಕ್ಸ್‌ನಲ್ಲಿ ಒಟ್ಟು ಏಳು ಪದಕ ಗೆದ್ದವರು, ಅದರಲ್ಲಿ ಐದು ಚಿನ್ನ. ನೆಸ್ಟಿ ಆರಡಿಯೂ ಇಲ್ಲ. ಬಿಯೊಂಡಿ ಮುಂದಿದ್ದರು, ಕೊನೆಯ ಕೆಲವು ಮೀಟರ್‌ವರೆಗೂ ಮುಂದಿದ್ದರು. ಗೋಡೆ ಹತ್ತಿರ ಬಂದಾಗ ಅವರ ಲೆಕ್ಕ ತಪ್ಪಿತು. ಇನ್ನೊಂದು ಸಲ ಕೈ ಬೀಸಿದರೆ ಜಾಗ ಸಾಲದು, ಬೀಸದಿದ್ದರೆ ಗೋಡೆ ದೂರ. ಅವರು ಕೈ ಚಾಚಿಕೊಂಡು ಹಾಗೇ ತೇಲಿ ಬಂದರು. ಪಕ್ಕದಲ್ಲಿ ನೆಸ್ಟಿ ಪೂರ್ತಿ ಕೈ ಬೀಸಿ ಗೋಡೆಗೆ ಬಡಿದರು.

53.00 ಸೆಕೆಂಡ್. ಬಿಯೊಂಡಿಯದು 53.01.

ಲೆಕ್ಕ ಹಾಕಿ ನೋಡಿದೆ. ಆ ವೇಗದಲ್ಲಿ ಸೆಕೆಂಡಿನ ನೂರನೇ ಒಂದು ಭಾಗ ಅಂದರೆ ನೀರಿನಲ್ಲಿ ಎರಡು ಸೆಂಟಿಮೀಟರ್ ಕೂಡ ಇಲ್ಲ. ಹೆಬ್ಬೆರಳಿನ ಅಗಲ, ಅಷ್ಟೇ. ಸುರಿನಾಮ್‌ಗೆ ಅದು ಮೊದಲ ಒಲಿಂಪಿಕ್ ಪದಕ. ಈಜಿನಲ್ಲಿ ಒಬ್ಬರೇ ಈಜುವ ಸ್ಪರ್ಧೆಯ ಒಲಿಂಪಿಕ್ ಚಿನ್ನ ಗೆದ್ದ ಮೊದಲ ಕಪ್ಪು ಜನಾಂಗದವರು ಕೂಡ ಇವರೇ. ಆ ಸಾಲಿನಲ್ಲಿ ಒಬ್ಬ ಹೆಣ್ಣುಮಗಳು, ಸಿಮೋನ್ ಮ್ಯಾನುಯೆಲ್, ಬಂದು ನಿಲ್ಲಲು 2016ರ ರಿಯೋವರೆಗೆ ಕಾಯಬೇಕಾಯಿತು. 28 ವರ್ಷ!

ಆ ಫೈನಲ್‌ನ ವಿಡಿಯೋ ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಪ್ರತಿ ಸಲ ನೆನಪಾಗುವುದು ನಮ್ಮ ದೊಡ್ಡಪ್ಪ. ಚನ್ನಗಿರಿ ಕಡೆ ಅವರ ತೋಟ. ಬೇಸಿಗೆ ರಜೆಗೆ ಹೋದರೆ ಸಾಕು, ಸೊಂಟಕ್ಕೆ ಒಣಗಿದ ಸೋರೆ ಬುರುಡೆ ಕಟ್ಟಿ, ಹಗ್ಗದ ಒಂದು ತುದಿ ತಾವು ಹಿಡಿದು ಬಾವಿಗೆ ಇಳಿಸುತ್ತಿದ್ದರು. ಮೊದಲ ದಿನ ನೀರು ಕುಡಿದು, ಅತ್ತು, ಮನೆಗೆ ಓಡಿದ್ದೆ. ನಾಲ್ಕನೇ ದಿನಕ್ಕೆ ಬುರುಡೆ ಬಿಚ್ಚಿದರು. ಈ ದಡದಿಂದ ಆ ಕಡೆ ಗೋಡೆಗೆ ಹೋಗಬೇಕು. ಹತ್ತಿರ ಬಂತು ಅಂತ ನಾನು ಕೈ ನಿಧಾನ ಮಾಡಿದರೆ ಮೇಲಿಂದ ಗದರುತ್ತಿದ್ದರು, "ಲೇ ತಮ್ಮಾ, ಗ್ವಾಡಿ ಮುಟ್ಟೋ ತನಕ ಕೈ ಬಿಡಬ್ಯಾಡ!" ಒಲಿಂಪಿಕ್ಸ್ ಅನ್ನುವ ಪದ ಅವರ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ. ಬಿಯೊಂಡಿ ಸೋತ ಜಾಗ ಮಾತ್ರ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆ ಬಾವಿ ಬತ್ತಿ ಎಷ್ಟೋ ವರ್ಷ ಆಯಿತು. ಈಗ ತೋಟಕ್ಕೆ ಬೋರ್‌ವೆಲ್. ನಮ್ಮ ಕಡೆಯ ಬಹಳಷ್ಟು ಬಾವಿಗಳ ಕಥೆ ಇಷ್ಟೇ. ಹಾಗಾದರೆ ಮಕ್ಕಳು ಈಜು ಕಲಿಯೋದು ಎಲ್ಲಿ? ಭದ್ರಾ ನಾಲೆಯಲ್ಲಿ. ಹರಿಹರದ ಹತ್ತಿರ ತುಂಗಭದ್ರಾ ಹೊಳೆಯಲ್ಲಿ. ಕೆರೆ, ಕೃಷಿ ಹೊಂಡಗಳಲ್ಲಿ. ನಾಲೆಗೆ ಇಳಿದವರಿಗೆ ಗೊತ್ತು, ಸಿಮೆಂಟಿನ ಇಳಿಜಾರು ಪಾಚಿ ಕಟ್ಟಿ ಜಾರುತ್ತದೆ, ಹಿಡಿದುಕೊಳ್ಳೋಕೆ ಏನೂ ಇರಲ್ಲ, ಮೇಲೆ ಸುಮ್ನೆ ಹರಿಯೋ ಹಾಗೆ ಕಾಣುವ ನೀರಿಗೆ ಒಳಗೆ ಸೆಳೆತ ಜಾಸ್ತಿ. ಪ್ರತಿ ಬೇಸಿಗೆ ಪೇಪರ್‌ನಲ್ಲಿ ಮಕ್ಕಳ ಫೋಟೋ ಬರುತ್ತದೆ. ನಾವು "ಅಯ್ಯೋ ಪಾಪ" ಅಂದು ಪುಟ ತಿರುಗಿಸುತ್ತೇವೆ. ನನಗೆ ಈಗೀಗ ಹಾಗೆ ತಿರುಗಿಸೋಕೆ ಆಗುತ್ತಿಲ್ಲ. ಆ ಮಕ್ಕಳಿಗೆ ನೀರು ಅಂದರೆ ಪ್ರೀತಿ ಇತ್ತು, ಧೈರ್ಯವೂ ಇತ್ತು. ಹಗ್ಗ ಹಿಡಿದು ಮೇಲೆ ನಿಲ್ಲೋರು ಇರಲಿಲ್ಲ.

ನೆಸ್ಟಿ ಕಥೆ ಹೇಳಿದಾಗಲೆಲ್ಲ ಜನ ಎರಡು ಮಾತು ಹೇಳುತ್ತಾರೆ. "ನೋಡಿ, ಛಲ ಇದ್ದರೆ ಯಾವ ಸೌಲಭ್ಯವೂ ಬೇಡ" ಅನ್ನುತ್ತಾರೆ ಒಬ್ಬರು. ನಾನು ಇದನ್ನು ಒಪ್ಪಲ್ಲ. ಸುರಿನಾಮ್‌ನಲ್ಲಿ ಇದ್ದದ್ದು ಒಂದೇ ಕೊಳ ಇರಬಹುದು, ಆದರೆ ಅದು 50 ಮೀಟರ್ ಕೊಳ, ಆ ಹುಡುಗನಿಗೆ ಇಳಿಯೋಕೆ ಸಿಕ್ಕ ಕೊಳ. ಅಲ್ಲಿ ಸರಿಸಾಟಿ ಸ್ಪರ್ಧಿಗಳು ಇಲ್ಲ ಅಂತ ಆದಾಗ ಅವರು ಅಮೆರಿಕದ ಫ್ಲೋರಿಡಾಕ್ಕೆ, ಜಾಕ್ಸನ್‌ವಿಲ್‌ನ ಬೋಲ್ಸ್ ಶಾಲೆಗೆ ಹೋದರು. ಅಲ್ಲಿ ಗ್ರೆಗ್ ಟ್ರಾಯ್ ಅನ್ನುವ ಒಳ್ಳೆಯ ಕೋಚ್ ಸಿಕ್ಕರು. 1987ರಲ್ಲಿ ಅಮೆರಿಕ ಖಂಡಗಳ ದೇಶಗಳು ಸೇರುವ ಪ್ಯಾನ್ ಅಮೆರಿಕನ್ ಕೂಟದ ಚಿನ್ನ, ಮರುವರ್ಷ ಒಲಿಂಪಿಕ್ ಚಿನ್ನ. ಛಲದ ಜೊತೆ ಕೊಳ ಇತ್ತು, ಕಳಿಸೋರು ಇದ್ದರು, ಕಲಿಸೋರು ಇದ್ದರು.

ಇನ್ನೊಬ್ಬರು ಹೇಳೋದು, "ನಮ್ಮೂರಲ್ಲಿ ಏನಿದೆ ಬಿಡಿ, ಅದೆಲ್ಲ ಬೆಂಗಳೂರಿನವರಿಗೆ." ಇದನ್ನು ಕೇಳಿದರೆ ಹೊಟ್ಟೆ ಉರಿಯುತ್ತದೆ, ಯಾಕೆಂದರೆ ಇದರಲ್ಲಿ ಅರ್ಧ ನಿಜ ಇದೆ. ನಿಶಾ ಮಿಲೆಟ್, ಶಿಖಾ ಟಂಡನ್, ರೆಹಾನ್ ಪೂಂಚಾ, ಶ್ರೀಹರಿ ನಟರಾಜ್, ಪ್ಯಾರಿಸ್‌ಗೆ 14ನೇ ವಯಸ್ಸಿಗೇ ಹೋದ ಧಿನಿಧಿ ದೇಸಿಂಗು, ಎಲ್ಲರೂ ಬೆಂಗಳೂರಿನ ಕೊಳಗಳಲ್ಲಿ ಪಳಗಿದವರು. ಹೆಮ್ಮೆ ಇದೆ. ಆದರೆ ನಾಲ್ಕು ಲಕ್ಷ ಜನರ ಒಂದು ದೇಶ ಒಲಿಂಪಿಕ್ ಚಾಂಪಿಯನ್‌ನ ಬೆಳೆಸಿತು ಅಂದಮೇಲೆ, ನಾಲ್ಕು ಲಕ್ಷ ಜನರ ನಮ್ಮೂರು ರಾಜ್ಯ ಮಟ್ಟದ ಫೈನಲ್‌ಗೆ ವರ್ಷಕ್ಕೆ ಹತ್ತು ಮಕ್ಕಳನ್ನು ಕಳಿಸಬೇಕು ಅಂತ ನಾನು ಆಸೆಪಟ್ಟರೆ ಅದು ಅತಿಯಾಸೆ ಅಲ್ಲ, ಅಲ್ವಾ?

ನೆಸ್ಟಿ ಆಮೇಲೆ 1991ರಲ್ಲಿ ವಿಶ್ವ ಚಾಂಪಿಯನ್ ಆದರು, 1992ರ ಬಾರ್ಸಿಲೋನಾದಲ್ಲಿ ಕಂಚು ಗೆದ್ದರು. ಸುರಿನಾಮ್‌ಗೆ ಬಂದಿರುವ ಒಲಿಂಪಿಕ್ ಪದಕಗಳು ಪ್ಯಾರಿಸ್ ಮುಗಿದ ಮೇಲೂ ಈ ಎರಡೇ. ಅಲ್ಲಿ ಅವರ ಹೆಸರಿನ ಕ್ರೀಡಾಂಗಣ ಇದೆ, ನಾಣ್ಯ ಬಂತು, ಅಂಚೆಚೀಟಿ ಬಂತು. ಅಷ್ಟಕ್ಕೇ ಕಥೆ ಮುಗಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ.

ನಾಣ್ಯದ ಮೇಲೆ ಬಂದ ಮನುಷ್ಯ ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ ಸಹಾಯಕ ಕೋಚ್ ಆಗಿ ಸೇರಿದರು. ಸುಮಾರು ಇಪ್ಪತ್ತು ವರ್ಷ ಸಹಾಯಕರಾಗೇ ಇದ್ದರು. ಇದನ್ನು ಸ್ವಲ್ಪ ನಿಂತು ಯೋಚಿಸಿ. ನಮ್ಮಲ್ಲಿ ಜಿಲ್ಲಾ ಮಟ್ಟದ ಕಪ್ ಗೆದ್ದವರೇ ಆಮೇಲೆ ಯಾರ ಕೈಕೆಳಗೂ ಕೆಲಸ ಮಾಡಲ್ಲ. ಇವರು ಒಲಿಂಪಿಕ್ ಚಿನ್ನ ಗೆದ್ದು, ದಿನಾ ಬೆಳಗ್ಗೆ ಎದ್ದು ಬೇರೆಯವರ ಮಕ್ಕಳ ಕೈಕಾಲು ತಿದ್ದುತ್ತಾ ಇದ್ದರು, ಅದೂ ತಮ್ಮ ಹಳೆಯ ಗುರು ಟ್ರಾಯ್ ಕೈಕೆಳಗೆ. ಪುರುಷರ ತಂಡದ ಮುಖ್ಯ ಕೋಚ್ ಆಗಿದ್ದು 2018ರಲ್ಲಿ. 2021ರಲ್ಲಿ ಲೆಡೆಕಿ, ಆಗಲೇ ಲೋಕವೇ ಮೆಚ್ಚಿದ ಈಜುಗಾರ್ತಿ, ಇವರನ್ನು ಹುಡುಕಿಕೊಂಡು ಫ್ಲೋರಿಡಾಕ್ಕೆ ಬಂದರು. ಬಾಬಿ ಫಿಂಕಿ ಪ್ಯಾರಿಸ್‌ನಲ್ಲಿ 1500 ಮೀಟರ್ ವಿಶ್ವದಾಖಲೆ ಮಾಡಿದರಲ್ಲ, 14 ನಿಮಿಷ 30.67 ಸೆಕೆಂಡ್, ಅವರೂ ಇವರ ಶಿಷ್ಯರೇ. ಆ ಪ್ಯಾರಿಸ್‌ನಲ್ಲಿ ಅಮೆರಿಕದ ಪುರುಷರ ಈಜು ತಂಡಕ್ಕೆ ಮುಖ್ಯ ಕೋಚ್ ಕೂಡ ನೆಸ್ಟಿ. 1988ರಲ್ಲಿ ಆ ದೇಶದ ಚಿನ್ನ ಕಸಿದುಕೊಂಡ ಹುಡುಗನ ಕೈಗೇ ಅವರು ತಮ್ಮ ತಂಡ ಕೊಟ್ಟರು!

ನನಗೆ ಚಿನ್ನಕ್ಕಿಂತ ಈ ಭಾಗ ದೊಡ್ಡದಾಗಿ ಕಾಣುತ್ತದೆ. ಒಬ್ಬ ಗೆದ್ದವನು ಕೊಳದ ದಡದಲ್ಲೇ ನಿಂತ, ಹಾಗಾಗಿ ಎಷ್ಟೋ ಜನ ಗೆದ್ದರು.

ಈಗ ನಮ್ಮ ವಿಷಯ. ಮಗಳು ಹೋಗುವ ಕೊಳದ ಹೆಸರು ಬರೆಯಲ್ಲ, ಜಗಳ ನನಗೆ ಬೇಡ. ಅಲ್ಲಿ ಏಪ್ರಿಲ್, ಮೇ ಬಂದರೆ ಕಾಲಿಡೋಕೆ ಜಾಗ ಇರಲ್ಲ, ನೀರಿಗಿಂತ ಮಕ್ಕಳೇ ಜಾಸ್ತಿ. ಜೂನ್‌ನಲ್ಲಿ ಶಾಲೆ ಶುರು ಆಯಿತು ಅಂದರೆ ಬೆಳಗಿನ ಬ್ಯಾಚ್ ಬಂದ್. ಎರಡು ತಿಂಗಳಲ್ಲಿ ಕಲಿತದ್ದು ಹತ್ತು ತಿಂಗಳಲ್ಲಿ ಮರೆತು, ಮುಂದಿನ ಏಪ್ರಿಲ್‌ಗೆ ಮತ್ತೆ ಮೊದಲಿಂದ. ಹೀಗೆ ಮೂರು ಬೇಸಿಗೆ ಕಳೆದವು. ಈ ಸಲ ಕೋಚ್ ಹತ್ತಿರ ಕೂತು ಮಾತಾಡಿದೆ. ಒಳ್ಳೆಯ ಮನುಷ್ಯ, ಕಲಿಸೋದು ಅಂದರೆ ಅವರಿಗೂ ಇಷ್ಟ. "ಸರ್, ಹತ್ತು ಮಕ್ಕಳು ಬಂದರೆ ವರ್ಷಪೂರ್ತಿ ಬೆಳಗ್ಗೆ ಐದೂವರೆಗೆ ನಾನು ಬರ್ತೀನಿ, ಹತ್ತಕ್ಕಿಂತ ಕಮ್ಮಿ ಆದರೆ ನೀರಿನ ಖರ್ಚೂ ಹುಟ್ಟಲ್ಲ" ಅಂದರು. ನ್ಯಾಯವಾದ ಮಾತು.

ಮಗಳನ್ನೂ ಸೇರಿಸಿ ಈಗ ಆರು ಮಕ್ಕಳಾಗಿದ್ದಾರೆ. ಇಬ್ಬರು ವಿದ್ಯಾನಗರದವರು, ಒಬ್ಬ ಹುಡುಗ ಹರಿಹರದಿಂದ ಅವರ ಮಾವನ ಬೈಕ್‌ನಲ್ಲಿ ಬರುತ್ತಾನೆ. ಇನ್ನು ನಾಲ್ಕು ಮಕ್ಕಳು ಬೇಕು. ವಯಸ್ಸು ಎಂಟರಿಂದ ಹದಿನಾಲ್ಕು, ಈಜು ಬರದಿದ್ದರೂ ಪರವಾಗಿಲ್ಲ. ಫೀಸ್ ಕಟ್ಟೋಕೆ ಕಷ್ಟ ಇರುವ ಮನೆಯ ಮಕ್ಕಳಾದರೆ ಇಬ್ಬರದ್ದು ನಾನು ಮತ್ತು ನನ್ನ ಗೆಳೆಯ ನೋಡಿಕೊಳ್ಳುತ್ತೇವೆ, ಯಾರಿಗೂ ಹೇಳಲ್ಲ. ಮೇ ತಿಂಗಳ ಕೊನೆಯ ಒಳಗೆ ಇನ್‌ಬಾಕ್ಸ್‌ಗೆ ಒಂದು ಮೆಸೇಜ್ ಹಾಕಿ. ಮೊದಲ ದಿನ ಕೊಳದ ಗೇಟಿನ ಹತ್ತಿರ ನಾನೇ ನಿಂತಿರುತ್ತೇನೆ.