ಹೆಸರಿಲ್ಲದ ಹನ್ನೆರಡು ಎಂಸಿಬಿ

ಕಾರವಾರದ ಮಳೆಗಾಲ ಗೊತ್ತಲ್ವಾ, ಗೋಡೆಯೇ ಬೆವರುತ್ತದೆ. ನಿನ್ನೆ ರಾತ್ರಿ ಬಂಗಡೆ ಸಾರು ಬಡಿಸಿದ್ದಷ್ಟೇ, ಟಪ್ ಅಂತ ಇಡೀ ಮನೆ ಕತ್ತಲೆ. ಪಕ್ಕದ ಮನೆಯ ಟಿವಿ ಮಾತ್ರ ಜೋರಾಗಿ ಓಡುತ್ತಿತ್ತು. ಅಂದರೆ ನಮ್ಮ ಆರ್‌ಸಿಸಿಬಿ, ಕರೆಂಟ್ ಎಲ್ಲಾದರೂ ಸೋರಿದರೆ ಇಡೀ ಮನೆಯದನ್ನು ಕಡಿದುಬಿಡುವ ಸ್ವಿಚ್ಚು, ಬಿದ್ದಿದೆ. ಅದರ ತಪ್ಪಲ್ಲ ಬಿಡಿ, 30 ಮಿಲಿಆಂಪ್ ಸೋರಿದರೆ ಬೀಳಲೆಂದೇ ಅದನ್ನು ಹಾಕಿರುವುದು. ಸಿಟ್ಟು ಬಂದದ್ದು ಈ ಸ್ವಿಚ್ಚುಗಳೆಲ್ಲ ಇರುವ ಡಿಬಿ ಬಾಕ್ಸ್ ತೆರೆದಾಗ. ಮನೆಯ ಒಂದೊಂದು ಲೈನಿಗೆ ಒಂದೊಂದು ಸ್ವಿಚ್ಚಿನಂತೆ ಹನ್ನೆರಡು ಎಂಸಿಬಿ ಸಾಲಾಗಿ ನಿಂತಿವೆ, ಒಂದಕ್ಕೂ ಹೆಸರಿಲ್ಲ! ಎಲ್ಲ ಇಳಿಸಿ, ಆರ್‌ಸಿಸಿಬಿ ಎತ್ತಿ, ಮೊಬೈಲ್ ಬೆಳಕಲ್ಲಿ ಒಂದೊಂದೇ ಏರಿಸುತ್ತ ಹೋದೆ. ಏಳನೆಯದಕ್ಕೆ ಮತ್ತೆ ಟಪ್. ಕಳ್ಳ ಸಿಕ್ಕಿದ, ಸರಿ, ಆದರೆ ಅವನು ಯಾರು? ಅದೊಂದನ್ನು ಬಿಟ್ಟು ಉಳಿದದ್ದು ಏರಿಸಿ, ಯಾವುದು ಹತ್ತುತ್ತಿಲ್ಲ ಅಂತ ಮನೆಯೆಲ್ಲ ಸುತ್ತಿ ನೋಡಿದರೆ ಅಂಗಳದ ಲೈಟು, ಒಳಗೆ ನೀರು ಹೋಗಿದೆ. ಇಷ್ಟಕ್ಕೆ ಮುಕ್ಕಾಲು ಗಂಟೆ! ಸಾರು ತಣ್ಣಗೆ.

ವೈರಿಂಗ್ ಮಾಡಿದವನಿಗೆ ಆಗಲೇ ಹೇಳಿದ್ದೆ, ಒಂದು ಚೀಟಿ ಅಂಟಿಸಪ್ಪಾ ಅಂತ. 'ನಂಗೆ ನೆನಪಿರ್ತದಲ್ಲ, ಸುಮ್ನೆ ಯಾಕೆ ಬರೆಯೋದು' ಅಂದಿದ್ದ. ಪುಣ್ಯಾತ್ಮ ಈಗ ಗೋವಾದಲ್ಲಿದ್ದಾನೆ. ಫೋನ್ ಮಾಡಿದರೆ, 'ಪದೇ ಪದೇ ಬಿದ್ರೆ ಆರ್‌ಸಿಸಿಬಿ ಬೈಪಾಸ್ ಮಾಡ್ಬಿಡಿ' ಅನ್ನುತ್ತಾನೆ. ಅದನ್ನು ತಪ್ಪಿಸಿ ನೇರ ಲೈನ್ ಕೊಟ್ಟರೆ ಸೋರಿದ ಕರೆಂಟ್ ಹೊಡೆಯುವುದು ಯಾರಿಗೆ? ಒದ್ದೆ ಕಾಲಲ್ಲಿ ಅಂಗಳದಲ್ಲಿ ಓಡಾಡುವವರು ನಾವಲ್ವಾ!